ಕೈ ಬೀಸದೆ ಹಾರಿದ್ದು

ನಮ್ಮ ಅವರ್ಸಾದಲ್ಲಿ ಯಾರನ್ನಾದರೂ ಬಸ್ಸಿಗೆ ಹತ್ತಿಸಿದರೆ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಬೇಕು. ಕಿಟಕಿಯಲ್ಲಿ ಕುಳಿತವರೂ ಬೀಸಬೇಕು. ಅಂಕೋಲೆಯ ಸಂತೆಗೆ ಹೊರಟಿದ್ದರೂ ಅಷ್ಟೇ. ಬೀಸದೆ ಹೋದವರಿಗೆ ಸೊಕ್ಕು ಬಂತೆಂದೇ ಅರ್ಥ.

ನಾನು ವಿಮಾನ ಹಾರಿಸಲು ಕಲಿಯುತ್ತಿದ್ದ ದೂರದೂರಿಗೆ ಆಯಿ ಬಂದಳು. ಮೊದಲ ಬಾರಿಗೆ ಒಬ್ಬಳೇ ಹಾರಲು ಮಾಸ್ತರರು ಅಂದು ಅಪ್ಪಣೆ ಕೊಡುವುದಿತ್ತು. ಅದಕ್ಕೆ ಮುಂಚೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಸರಿಯಾಗಿ ಹಾರಿಸಿ ತೋರಿಸಬೇಕಿತ್ತು. ಆಯಿ ಹೊಸ ಸೀರೆಯುಟ್ಟು ರನ್‌ವೇ ಪಕ್ಕದ ಬೇಲಿಯಾಚೆ ನಿಂತಳು.

ಎರಡು ಸೀಟಿನ ಆ ವಿಮಾನಕ್ಕೆ ಒಂದು ಚಾಳಿ. ಏರಲು ಓಡುವಾಗ ಎಡಕ್ಕೆ ಎಳೆಯುತ್ತದೆ. ಬಲಗಾಲಿನ ಪೆಡಲ್ ಒತ್ತಿ ಹಿಡಿದೇ ಇರಬೇಕು. ಒತ್ತಿದ್ದೆ. ಅಷ್ಟರಲ್ಲಿ ಎಡಗಡೆ ಆಯಿಯ ಕೈ ಮೇಲೆದ್ದಿತು. ನನ್ನದೂ ಎದ್ದಿತು! ತಲೆ ಅತ್ತ ತಿರುಗಿತು, ಬಲಗಾಲು ಸಡಿಲವಾಯಿತು, ವಿಮಾನ ಮೇವು ಕಂಡ ಎಮ್ಮೆಯಂತೆ ಹುಲ್ಲಿನ ಕಡೆ ಹೊರಟಿತು. ಮಾಸ್ತರರು ಎಂಜಿನ್ ತಗ್ಗಿಸಿ ಬ್ರೇಕ್ ತುಳಿಯದಿದ್ದರೆ ಬೇಲಿ ಮುರಿದು ಹೋಗಿ ಆಯಿಯ ಕಾಲಿಗೇ ಬೀಳುತ್ತಿದ್ದೆ.

"ಇದೆಂತಾ ಅಂಕೋಲಾ ಬಸ್ಸಾ ಮಾರಾಯ್ತಿ?" ಎಂದು ಕೂಗಿದರು. ಅವರು ಕಾರವಾರದವರು, ಕೈ ಯಾಕೆ ಎದ್ದಿತೆಂದು ವಿವರಿಸಬೇಕಾಗಿರಲಿಲ್ಲ. "ಇನ್ನೊಂದ್ಸಲ ಬೀಸಿದ್ರೆ ಒಬ್ಳೇ ಹಾರೂದು ಮರ್ತ್ಬಿಡು."

ನಾನು ಬೇಲಿಯ ಬಳಿ ಓಡಿದೆ. "ಆಯಿ, ದಮ್ಮಯ್ಯ, ನೀ ಕೈ ಬೀಸ್ಬೇಡ."

"ಮಗ್ಳು ಹೊರ್ಟಾಗ ಕೈ ಬೀಸ್ದೇ ನಿಲ್ಲೂಕೆ ನಂಗೆ ಬರೂದಿಲ್ಲಾ," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ದಡದಡನೆ ತಿರುಗಿ ಬಂದು ವಿಮಾನ ಹತ್ತಿದೆ.

ಈ ಸಲ ಕಣ್ಣನ್ನು ರನ್‌ವೇಯ ತುದಿಗೇ ನೆಟ್ಟೆ. ಸುತ್ತು ಮುಗಿಸಿ ಇಳಿದಾಗ ಮಾಸ್ತರರು ಕೆಳಗಿಳಿದು ಹೊರಗಿನಿಂದ ಬಾಗಿಲು ಹಾಕಿದರು. ಒಬ್ಬಳೇ ಹಾರಿದೆ. ಹೆದರಿಕೆಯಾಯಿತು; ಕೇಳುವವರಿಲ್ಲವೆಂದು ಖುಷಿಗೆ ಹುಚ್ಚಿಯಂತೆ ಕೂಗಿಯೂ ಕೂಗಿದೆ.

ಇಳಿದು ಬಂದು ನೋಡಿದರೆ ಆಯಿ ರನ್‌ವೇಗೆ ಬೆನ್ನು ಹಾಕಿ, ಎರಡೂ ಕೈಗೆ ಸೆರಗು ಸುತ್ತಿಕೊಂಡು ನೆಲದ ಮೇಲೆ ಕುಳಿತಿದ್ದಳು. "ಈಗ ತಿರ್ಗೂಕೆ ಅಡ್ಡಿಲ್ವಾ ಮಗಾ?" ಎಂದು ಕೇಳಿದಳು.

ಇಬ್ಬರೂ ಊರಿಗೆ ಮರಳಿದ ಮೇಲೆ, ಬಾಗಿಲಿಗೆ ಮೀನು ತಂದವಳಿಗೆ ಆಯಿ ಹೇಳುತ್ತಿದ್ದಳು: "ಸುಯ್ ಅಂತ ಏರ್ತು ಮಾರಾಯ್ತಿ, ಸ್ವಲ್ಪನೂ ಅಲ್ಲಾಡ್ಲಿಲ್ಲಾ. ನಾ ಕಣ್ಣಾರೆ ನೋಡಿದೆ. ಬೇಕಾದ್ರೆ ಮಗ್ಳಿಗೇ ಕೇಳು."

ನಾನು ಒಳಗಿನಿಂದಲೇ "ಹೌದು" ಎಂದು ಗಟ್ಟಿಯಾಗಿ ಹೇಳಿದೆ.