ಮಂದ ಬೆಳಕಿನಲ್ಲಿ ಶರಣಾರ್ಥಿ

ಬೆಳಗಾವಿಯ ಮನೆಯಲ್ಲಿ ಅಲಸಂದಿ ಕಾಳು ಹಸನು ಮಾಡುತ್ತಿದ್ದಾಗ ಖಾನಾಪುರದಿಂದ ತಮ್ಮನ ಹೆಂಡತಿಯ ಫೋನು ಬಂತು.

“ಅಕ್ಕಾರ, ಇವ್ರು ಮತ್ತ ಕುಡ್ಯಾಕ ಹೋಗ್ಯಾರ. ಫೋನ್ ಹಚ್ಚಿ ಕೇಳಿದ್ರ ‘ಕೋಝಿ ಆ್ಯಂಬಿಯನ್ಸ್‌ನ್ಯಾಗ ಅದೀನಿ’ ಅಂತಾರ. ಬಸ್ ಸ್ಟ್ಯಾಂಡ್ ಬಾಜೂದ ಬಾರ್ ಇರಬೇಕ್ರಿ. ನಾ ಹೋದ್ರ ಜಗಳಾ ಆಗತೈತಿ, ನೀವ ಬರ್ರಿ.”

ನನ್ನ ತಮ್ಮ ಬಾರ್ ಎಂಬ ಮಾತನ್ನು ಎಂದೂ ಆಡಿದವನಲ್ಲ. ಅವನ ಬಾಯಲ್ಲಿ ಅದು ಒಮ್ಮೆ ಸಾಫ್ಟ್ ಲೈಟಿಂಗ್, ಒಮ್ಮೆ ಮೂಡ್ ಲೈಟ್ ಫ್ಯಾಮಿಲಿ ರೆಸ್ಟೋರೆಂಟ್. ಆದರೆ ಈಗ ಅವನ ಲಿವರ್ ಕೆಟ್ಟಿತ್ತು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾಳು ಅಲ್ಲೇ ಬಿಟ್ಟು ಹೊರಟೆ. ಖಾನಾಪುರದ ಬಸ್ಸು ತಡವಿಲ್ಲದೆ ಸಿಕ್ಕಿದ್ದೂ ಬಸವಣ್ಣನ ಕೃಪೆ.

ಹೊರಗೆ ಸುಡುಬಿಸಿಲು. ಬಾರಿನ ಪರದೆ ಸರಿಸಿ ಒಳಗೆ ಕಾಲಿಟ್ಟರೆ ಕತ್ತಲೆ. ಕೆಂಪು ದೀಪಗಳ ಕೆಳಗೆ ಗ್ಲಾಸು ಹಿಡಿದ ಕೈಗಳಷ್ಟೇ ಕಂಡವು, ಮುಖಗಳು ಕಾಣಲಿಲ್ಲ. ನನ್ನನ್ನು ನೋಡಿ ಮಾತೆಲ್ಲ ನಿಂತುಹೋಯಿತು. ಹೆಸರು ಹಿಡಿದು ಕೂಗಿದರೆ ಮನೆತನದ ಮಾನ ಹೋದೀತು. ಏನೂ ತೋಚದೆ, ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಅನ್ನುವಂತೆ “ಶರಣು” ಅಂದೆ.

“ಶರಣು ಶರಣಾರ್ಥಿ.”

ಕತ್ತಲೆಯ ಮೂಲೆಮೂಲೆಯಿಂದ ಉತ್ತರ ಬಂತು. ಮಠದ ಅಂಗಳದಲ್ಲಿ ಕೇಳುವಂಥ ದನಿಗಳೇ, ಆದರೆ ಮನುಷ್ಯರು ಕಾಣುತ್ತಿರಲಿಲ್ಲ. ಅವುಗಳಲ್ಲಿ ಒಂದು ದನಿ ತಮ್ಮನದು. ಅದರ ಜಾಡು ಹಿಡಿದು ಹೋಗಿ ಅವನ ಗ್ಲಾಸನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಂಚಿನವರೆಗೂ ತುಂಬಿತ್ತು.

“ಎಷ್ಟನೇದೋ ಇದು?”

“ಮೊದಲನೇದ, ಅಕ್ಕಾ. ತಾಸಾತು ಮುಂದ ಇಟಗೊಂಡ ಕುಂತು, ಇನ್ನೂ ತುಟಿಗೆ ಹಚ್ಚಿಲ್ಲ.”

“ಹಂಗಾರ ಏಳು. ಸಾಕು ನಿನ್ನ ಆ್ಯಂಬಿಯನ್ಸ್.”

ಎದ್ದ. ಅಷ್ಟಕ್ಕೇ ದೇವರಿಗೆ ಕೈಮುಗಿದೆ. ಅವನನ್ನು ಮನೆಗೆ ಮುಟ್ಟಿಸಿ, ಬೆಳಗಾವಿಗೆ ಮರಳಿ, ಒಣಗಿದ ಬಟ್ಟೆ ಮಡಚಲು ಕುಳಿತೆ.