ರಾತ್ರಿ ಕಳೆದ ಹಿಟ್ಟು

ನನ್ನ ಮದುವೆಯಾದ ಇಪ್ಪತ್ತಮೂರನೆಯ ದಿನ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ, ಜಯನಗರದ ನನ್ನ ಅತ್ತೆಮನೆಯ ನಡುಮನೆಯಲ್ಲಿ, ನನ್ನ ಗಂಡನ ಅಕ್ಕ ಒಂದು ಮಾತು ಆಡಿದರು. ಆ ಮಾತಿಗೆ ನಾಲ್ವರು ನಕ್ಕರು. ಮೊದಲು ನಕ್ಕವರು ಅವರ ಯಜಮಾನರು. ಎರಡನೆಯವರು ಪಕ್ಕದ ಮನೆಯಾಕೆ. ಮೂರನೆಯವರು ನನ್ನ ಪತಿ. ಕೊನೆಗೆ, ಉಳಿದವರೆಲ್ಲ ನಕ್ಕಿದ್ದಾರೆಂಬ ಒಂದೇ ಕಾರಣಕ್ಕೆ, ನನ್ನ ಅತ್ತೆ. ಇದಾಗಿ ನಲವತ್ತಾರು ವರ್ಷವಾಯಿತು. ಈ ಅನುಕ್ರಮದ ಬಗ್ಗೆ ನನಗೆ ಒಮ್ಮೆಯೂ ಅನುಮಾನ ಬಂದಿಲ್ಲ.

ನಡೆದದ್ದು ಇಷ್ಟು. ಹಿಂದಿನ ರಾತ್ರಿಯ ಅನ್ನ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದಕ್ಕೆ ಮಜ್ಜಿಗೆ ಹಾಕಿಕೊಂಡು ತಿನ್ನಲೇ ಎಂದು ಅತ್ತೆಯವರನ್ನು ಕೇಳಿದೆ. ವಿಲ್ಸನ್ ಗಾರ್ಡನ್ನಿನ ಒಂದು ವಠಾರದಲ್ಲಿ, ಏಳು ಮಕ್ಕಳ ಮನೆಯಲ್ಲಿ ಬೆಳೆದವಳು ನಾನು. ಬೆಳಗಿನ ತಿಂಡಿಯೆಂದರೆ ನಮಗೆ ಬಹುತೇಕ ಅದೇ ಆಗಿತ್ತು. ನಮ್ಮೂರಿನದೇ ಶ್ರೀನಗರ ಬಡಾವಣೆಯಿಂದ ತವರಿಗೆ ಬಂದಿದ್ದ ಅತ್ತಿಗೆ, ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಡುವ ಶ್ರಮವನ್ನೂ ತೆಗೆದುಕೊಳ್ಳದೆ ಹೇಳಿದರು: "ತಂಗಳು ತಿನ್ನೋ ಮನೆ ಹುಡುಗಿ ಕಣಮ್ಮ. ಬಿಸಿ ಬಡಿಸಿದ್ರೆ ಪಾಪ ನಾಲಿಗೆ ಸುಟ್ಕೊಂಡಾಳು."

ನಡುಮನೆಯ ಬಾಗಿಲ ಬಳಿಯ ಮರದ ಕುರ್ಚಿಯಲ್ಲಿ, ಮಗಳನ್ನು ನೋಡಿಕೊಂಡು ಹೋಗಲೆಂದು ಬಂದಿದ್ದ ನನ್ನ ಅಮ್ಮ ಕುಳಿತಿದ್ದಳು. ಅವಳು ನಗಲಿಲ್ಲ, ಮುಖ ಸಣ್ಣ ಮಾಡಿಕೊಳ್ಳಲೂ ಇಲ್ಲ. ಸ್ವಲ್ಪ ನೀರು ಬೇಕೆಂದು ಕೇಳಿದಳು. ತಂದುಕೊಟ್ಟೆ. ಅರ್ಧ ಲೋಟ ಕುಡಿದು, ಉಳಿದದ್ದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಆಮೇಲೆ ಎಷ್ಟು ವರ್ಷ ಬದುಕಿದ್ದರೂ ಊಟ ತಿಂಡಿಯ ಹೊತ್ತಿನಲ್ಲಿ ಆ ಮನೆಗೆ ಅವಳು ಕಾಲಿಡಲಿಲ್ಲ.

ಆ ಮಾತು ಹಿಂದಕ್ಕೆ ಬರಬೇಕೆಂಬುದಷ್ಟೇ ನನ್ನ ಬೇಡಿಕೆ. ಕ್ಷಮಾಪಣೆ, ಕಣ್ಣೀರು ಮೊದಲಾದ ಆಡಂಬರಗಳು ನನಗೆ ಬೇಕಿರಲಿಲ್ಲ. ಅಮ್ಮ ಹೋಗಿ ಹತ್ತೊಂಬತ್ತು ವರ್ಷ ಕಳೆದ ಮೇಲೂ ಬೇಡಿಕೆಯನ್ನು ನಾನು ಸಡಿಲಿಸಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಮನೆಯಲ್ಲೂ ಅನ್ನ ಉಳಿಯುತ್ತಿತ್ತು. ಅತ್ತಿಗೆಯವರ ಕೈಯ ಚಿತ್ರಾನ್ನಕ್ಕೆ ಬಂಧುವರ್ಗದಲ್ಲಿ ದೊಡ್ಡ ಹೆಸರು. ಅದು ಅಷ್ಟು ಉದುರುದುರಾಗಿ ಬರುತ್ತಿದ್ದುದರ ಗುಟ್ಟು ಹಿಂದಿನ ರಾತ್ರಿಯ ಅನ್ನ. ಆದರೆ ಸಾಸಿವೆ ಸಿಡಿದು, ಕಡಲೆಕಾಯಿ ಬೀಜ ಕೆಂಪಾಗಿ, ಮೇಲೆ ನಿಂಬೆಹಣ್ಣು ಹಿಂಡಿದ ಬಳಿಕ ಅದನ್ನು ತಂಗಳು ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಒಗ್ಗರಣೆ ಅಷ್ಟು ದೊಡ್ಡ ಪ್ರಾಯಶ್ಚಿತ್ತ. ಮಜ್ಜಿಗೆಗೆ ಆ ಸಾಮರ್ಥ್ಯವಿಲ್ಲವೆಂದು ತೋರುತ್ತದೆ.

ಇನ್ನು ಫೊಕಾಚಿಯ. ಆ ಹೆಸರಿನ ಇಟಲಿಯ ರೊಟ್ಟಿ, ನಾವೀಗ ವಾಸವಾಗಿರುವ ಜೆ.ಪಿ. ನಗರದ ಮನೆಗೆ ಬಂದದ್ದು ನನ್ನ ಪತಿಯ ರಕ್ತದಲ್ಲಿನ ಸಕ್ಕರೆಯ ದೆಸೆಯಿಂದ. ಪ್ರತಿ ಸಂಜೆ ವಾಕಿಂಗ್ ನೆಪದಲ್ಲಿ ಅವರು ಬೇಕರಿಗೆ ಹೋಗಿ ಖಾರಾ ಬನ್ ತಿಂದು ಬರುತ್ತಿದ್ದರು. ಬಾಯಿ ಒರೆಸಿಕೊಳ್ಳುತ್ತಿದ್ದರು, ಮೀಸೆಯನ್ನು ಮರೆಯುತ್ತಿದ್ದರು. ಮೈದಾ ಬಿಡಲೇಬೇಕೆಂದು ಡಾಕ್ಟರು ಹೇಳಿದ ದಿನ, ಇಡೀ ಧಾನ್ಯದ ಹಿಟ್ಟಿನಿಂದ ನಾನೇ ಮನೆಯಲ್ಲಿ ಬ್ರೆಡ್ ಮಾಡುವುದಾಗಿ ಪ್ರಕಟಿಸಿದೆ. ಮೂವತ್ತೊಂದು ವರ್ಷ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವಳಿಗೆ ಹಿಟ್ಟು, ನೀರು, ಯೀಸ್ಟ್ ಯಾವ ಲೆಕ್ಕ. (ನಾನು ಲೆಕ್ಚರರ್ ಆಗಬೇಕಿತ್ತು. ಅದು ಬೇರೆ ಪ್ರಕರಣ. ಅದೂ ನನಗೆ ನೆನಪಿದೆ.) ಮೊಬೈಲಿನಲ್ಲಿ ಹತ್ತಾರು ವಿಡಿಯೊ ನೋಡಿ ಇದನ್ನು ಆರಿಸಿದೆ. ಹೆಸರನ್ನು ಪತಿಗೆ ಮೂರು ಸಲ ಬಿಡಿಸಿ ಹೇಳಿದೆ.

"ಪೋಕರಿ ರೊಟ್ಟಿ ಅಂತೀನಿ ಬಿಡು, ನೆನಪಿರತ್ತೆ" ಎಂದರು.

ಬೀಸಿಸಿ ತಂದು ಜರಡಿ ಹಿಡಿಯದ ಗೋಧಿ ಹಿಟ್ಟು ನಾನೂರು ಗ್ರಾಂ, ರಾಗಿ ಹಿಟ್ಟು ನೂರು, ಉಪ್ಪು ಹತ್ತು, ಯೀಸ್ಟ್ ಮೂರು. ಮೊದಲ ಫೊಕಾಚಿಯವನ್ನು ಎರಡೂವರೆ ಗಂಟೆಯಲ್ಲಿ ಕಲಸಿ, ಉಬ್ಬಿಸಿ, ಓವನ್ನಿನಿಂದ ಹೊರತೆಗೆದೆ. ಪತಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಬಾಲ್ಕನಿಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದಲ್ಲ, ಅದಕ್ಕೆ ಅಡ್ಡ ಇಡಲೇ ಎಂದು ವಿಚಾರಿಸಿದರು. ಆ ದಿನ ಮಂಗಳವಾರ. ಎರಡನೆಯದಕ್ಕೆ ಅಂಗಡಿಯಿಂದ ಒಣಗಿದ ರೋಸ್‌ಮೇರಿ ಸೊಪ್ಪು ತಂದು ಉದುರಿಸಿದೆ; ತಲೆಗೆ ಹಚ್ಚುವ ಎಣ್ಣೆಯ ವಾಸನೆ ಎರಡು ದಿನ ಮನೆ ಬಿಡಲಿಲ್ಲ. ಆಮೇಲೆ ನನ್ನ ಕುಂಡದಲ್ಲೇ ದೊಡ್ಡಪತ್ರೆ ಇರುವುದು ಹೊಳೆಯಿತು. ಮಕ್ಕಳಿಗೆ ಕೆಮ್ಮು ಬಂದಾಗ ಬಾಡಿಸಿ ರಸ ಹಿಂಡುತ್ತಿದ್ದ ಅದೇ ಎಲೆಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ನೆನೆಸಿದರೆ, ಪರದೇಶದ ಯಾವ ಸೊಪ್ಪಿಗೂ ಅದು ತಲೆಬಾಗಬೇಕಿಲ್ಲ. ಬೆಳ್ಳುಳ್ಳಿ ಎಂಟು ಎಸಳು, ಸಣ್ಣ ಉರಿಯಲ್ಲಿ, ಅದೇ ಎಣ್ಣೆಯಲ್ಲಿ. ನನ್ನ ಅತ್ತೆಮನೆಯಲ್ಲಿ ಬೆಳ್ಳುಳ್ಳಿಗೆ ಪ್ರವೇಶವಿದ್ದದ್ದು ಬಾಣಂತಿಯ ಕೋಣೆಗೆ ಮಾತ್ರ ಎಂಬುದನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ.

ರುಚಿ ಬಂದರೂ ರೊಟ್ಟಿ ಮೆತ್ತಗಾಗಲಿಲ್ಲ. ನಾಲ್ಕನೆಯ ಸಲಕ್ಕೆ ಕಾರಣ ತಿಳಿಯಿತು. ಗೋಧಿಯ ಹೊಟ್ಟು ಹಟಮಾರಿ. ನೀರು ಕುಡಿದು ಮೆದುವಾಗಲು ಅದಕ್ಕೆ ಹೊತ್ತು ಬೇಕು. ಹಿಟ್ಟನ್ನು ಕೈಗಂಟುವಷ್ಟು ತೆಳ್ಳಗೆ ಕಲಸಿ, ಮುಚ್ಚಿ, ಹದಿನೆಂಟು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಮುಚ್ಚಳ ತೆಗೆದರೆ ಹಿಟ್ಟು ಎರಡರಷ್ಟಾಗಿ, ಮೈತುಂಬ ಗುಳ್ಳೆಯೆದ್ದು, ಸಣ್ಣ ಹುಳಿಯ ಪರಿಮಳ ಬೀರುತ್ತಿತ್ತು. ವಿಡಿಯೊದವರು ಇದನ್ನು ನಿಧಾನದ ಹುದುಗು, ಧಾನ್ಯಕ್ಕೆ ಕೊಡುವ ಗೌರವ ಎಂದೆಲ್ಲ ಭಕ್ತಿಯಿಂದ ವರ್ಣಿಸುತ್ತಾರೆ. ನಾನು ಫ್ರಿಜ್ಜಿನ ಬಾಗಿಲು ಮುಚ್ಚುವುದನ್ನೂ ಮರೆತು ನಿಂತೆ. ಜಯನಗರದ ನಡುಮನೆಯಲ್ಲಿ ಇದಕ್ಕೆ ಬೇರೆ ಹೆಸರಿತ್ತು.

ಅಂದೇ ಅತ್ತಿಗೆಯವರನ್ನು ಕರೆಯಲು ನಿಶ್ಚಯಿಸಿದೆ. ಅಕ್ಕನಿಗೆ ಉಪ್ಪಿಟ್ಟು ಮಾಡಿದರೆ ಸಾಕು, ಈ ವಯಸ್ಸಿನಲ್ಲಿ ಪೋಕರಿಯ ಸಹವಾಸ ಯಾಕೆ ಎಂದು ಪತಿ ಅಡ್ಡಬಂದರು. ಕ್ಯಾಲೆಂಡರು ನೋಡಿ, ಏಕಾದಶಿಯೂ ಸಂಕಷ್ಟಿಯೂ ಅಲ್ಲದ, ಯಾರ ತಿಥಿಯೂ ಬೀಳದ ಒಂದು ಬುಧವಾರವನ್ನು ಗೊತ್ತು ಮಾಡಿದೆ. ತಿನ್ನದಿರಲು ಅವರಿಗೆ ಪಂಚಾಂಗದ ನೆರವು ಸಿಗಬಾರದಿತ್ತು. ಮೂರು ವಾಕ್ಯಗಳನ್ನೂ ಸಿದ್ಧಪಡಿಸಿಕೊಂಡೆ. ಮೊದಲನೆಯದು ಇದು ತಂಗಳು ಹಿಟ್ಟೆಂದು ತಿಳಿಸುವುದು. ಎರಡನೆಯದು ನಲವತ್ತಾರು ವರ್ಷದ ಹಿಂದಿನ ಮಾತನ್ನು ನೆನಪಿಗೆ ತರುವುದು. ಮೂರನೆಯದು ಅವರು "ನಂಗೆ ನೆನಪೇ ಇಲ್ಲ ಕಣೆ" ಎಂದಾಗ ಕೊಡಬೇಕಾದ ಉತ್ತರ. ಮೂರನೆಯದನ್ನು ಅತ್ಯಂತ ಮುತುವರ್ಜಿಯಿಂದ ತಿದ್ದಿದ್ದೆ.

ಬುಧವಾರ ನಾಲ್ಕು ಗಂಟೆಗೆ ಅತ್ತಿಗೆ ಆಟೊದಲ್ಲಿ ಬಂದಿಳಿದರು. ವಯಸ್ಸು ಎಪ್ಪತ್ತೊಂಬತ್ತು, ಎರಡೂ ಮಂಡಿ ನೋವು. ಮೂಗಿಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ. ಚಪ್ಪಲಿ ಬಿಡುತ್ತಲೇ ಗಾಳಿಯನ್ನು ಪರೀಕ್ಷಿಸಿದರು.

"ಏನೇ ಇದು ಬೆಳ್ಳುಳ್ಳಿ ಘಾಟು. ಈ ವಯಸ್ಸಲ್ಲಿ ಯಾರ ಬಾಣಂತನ ಮಾಡ್ತಿದ್ದೀಯ?"

ನನ್ನ ಪತಿ ನಕ್ಕರು. ಈ ಸಲ ಅವರೇ ಮೊದಲಿಗರು.

ಟ್ರೇಯನ್ನು ಮೇಜಿನ ಮೇಲೆ ತಂದಿಟ್ಟೆ. ಹಿಟ್ಟಿನ ಮೇಲೆ ಎಣ್ಣೆ ಹೊಯ್ದು ಹತ್ತು ಬೆರಳಿನಿಂದ ಒತ್ತಿದ ಗುಳಿಗಳಲ್ಲಿ ಬೆಳ್ಳುಳ್ಳಿ ಕೆಂಪಗೆ ಕುಳಿತಿತ್ತು. ಅಕ್ಕಿರೊಟ್ಟಿಗೆ ತೂತು ಮಾಡಿ ಎಣ್ಣೆ ಬಿಡುವುದನ್ನು ಇಟಲಿಯವರಿಗೆ ಯಾರು ಹೇಳಿಕೊಟ್ಟರೆಂದು ಅತ್ತಿಗೆ ವಿಚಾರಿಸಿದರು. ರಾಗಿ, ದೊಡ್ಡಪತ್ರೆ, ಬೆಳ್ಳುಳ್ಳಿ ಎಂದು ಒಂದೊಂದಾಗಿ ಗುರುತಿಸಿ, ಇದು ತಿಂಡಿಯೋ ಕಷಾಯವೋ ಎಂದೂ ಕೇಳಿದರು. ನಾನು ಎರಡೂವರೆ ಇಂಚಿನ ಚೌಕಗಳಾಗಿ ಕತ್ತರಿಸಿ, ನಡುವಿನ ತುಂಡೊಂದನ್ನು ಅವರ ತಟ್ಟೆಗೆ ಹಾಕಿದೆ. ಅಂಚಿನದನ್ನು ಹಾಕಬಹುದಿತ್ತು, ಹಲ್ಲಿಗೆ ಗಟ್ಟಿ ಎಂಬ ದೂರು ಬರಬಾರದೆಂದು ಹಾಕಲಿಲ್ಲ.

ಅವರು ಮುರಿದರು, ಬಾಯಿಗಿಟ್ಟರು, ಬಹಳ ಹೊತ್ತು ಅಗಿದರು. ಮತ್ತೆ ಮುರಿದರು.

"ಮೆತ್ತಗಿದೆಯಲ್ಲೇ. ಯಾವಾಗ ಕಲಸಿದ್ದು?"

ಅಷ್ಟೊಂದು ಸಿದ್ಧತೆ ಮಾಡಿಕೊಂಡಿದ್ದ ನನಗೆ, ಬೇಕಾದ ಪ್ರಶ್ನೆಯನ್ನು ಅವರೇ ಕೇಳಿಯಾರೆಂದು ತೋಚಿರಲಿಲ್ಲ.

"ನಿನ್ನೆ ಸಂಜೆ ಆರಕ್ಕೆ, ಅತ್ತಿಗೆ. ತಂಗಳು."

ಅವರ ಕೈ ತಟ್ಟೆಯ ಮೇಲೆಯೇ ನಿಂತಿತು. ಪತಿ ತಮ್ಮ ಪಾಡಿಗೆ ಎರಡನೆಯ ತುಂಡಿಗೆ ಕೈಚಾಚಿದ್ದರು. ಎರಡನೆಯ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಉಸಿರು ತೆಗೆದುಕೊಂಡು ಆರಂಭಿಸಬೇಕಿತ್ತು. ಅಷ್ಟರಲ್ಲಿ ಅತ್ತಿಗೆ, ನನ್ನ ಕಡೆ ನೋಡದೆ, ತಟ್ಟೆಯಲ್ಲಿದ್ದ ತುಂಡಿಗೆ ಹೇಳುವಂತೆ ಹೇಳಿದರು:

"ನಿಮ್ಮಮ್ಮ ಅವತ್ತು ನೀರು ಕೇಳಿದ್ರು. ಪೂರ್ತಿ ಕುಡೀಲಿಲ್ಲ."

ಆ ಲೋಟದ ವಿಷಯ ನನ್ನೊಬ್ಬಳಿಗೇ ತಿಳಿದಿದೆಯೆಂದು ನಾನು ಭಾವಿಸಿದ್ದೆ. ನನ್ನ ಎರಡನೆಯ ವಾಕ್ಯವೂ ಮೂರನೆಯ ವಾಕ್ಯವೂ ಅತ್ತಿಗೆ ಮರೆತಿದ್ದಾರೆಂಬ ಆಧಾರದ ಮೇಲೆ ನಿಂತಿದ್ದವು. ಎರಡೂ ಕೆಲಸಕ್ಕೆ ಬಾರದೆ ಹೋದವು. ಇಂಥ ಕಡೆ ಮನಸ್ಸು ಕರಗಬೇಕೆಂದು ಕೇಳಿದ್ದೇನೆ. ನನಗೆ ಸಿಟ್ಟು ಹೆಚ್ಚಾಯಿತು. ಮರೆತವರಿಗಾದರೆ ಮರೆವಿನ ನೆಪವಿರುತ್ತದೆ. ಕಿಟಕಿಯ ಕಟ್ಟೆಯ ಮೇಲಿನ ಅರ್ಧ ಲೋಟದ ನೀರನ್ನು ಇಷ್ಟು ವರ್ಷ ನೆನಪಿಟ್ಟುಕೊಂಡು, ಇಷ್ಟೊಂದು ಗೌರಿಹಬ್ಬಗಳಲ್ಲಿ ನನ್ನ ಕೈಯಿಂದ ಬಾಗಿನ ತೆಗೆದುಕೊಂಡು, ಒಂದು ಮಾತೂ ಆಡದೆ ಇದ್ದವರಿಗೆ ಏನಿದೆ?

"ಹೌದು, ಅರ್ಧ ಲೋಟ" ಎಂದೆ.

"ಇನ್ನೊಂದು ತುಂಡು ಹಾಕು" ಎಂದರು ಅತ್ತಿಗೆ.

ಹಾಕಿದೆ. ಆಮೇಲೆ ಮಾತು ಮಂಡಿ ನೋವಿಗೂ ಆಟೊದವರ ಒರಟುತನಕ್ಕೂ ಹೊರಳಿತು. ಹೊರಡುವಾಗ ಅವರು ಮರುದಿನದ ಬೆಳಗಿನ ಕಾಫಿಗೆ ನಾಲ್ಕು ತುಂಡು ಕಟ್ಟಿಕೊಡಲು ಹೇಳಿದರು. ಇದು ನಾಳೆಗೆ ಇನ್ನೂ ಹದವಾಗಿರುತ್ತದೆಂಬುದು ಅವರ ಅಭಿಪ್ರಾಯವಾಗಿತ್ತು. ಸ್ಟೀಲ್ ಡಬ್ಬಿಗೆ ತುಂಬಿಕೊಟ್ಟೆ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಡಬ್ಬಿ ಅದು; ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದೆ. ಬೇರೆ ಡಬ್ಬಿಗಳು ಮನೆಯಲ್ಲಿ ಇಲ್ಲದಿರಲಿಲ್ಲ. ಅತ್ತಿಗೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಅಕ್ಷರಗಳನ್ನು ಓದಿದರು, ಚೀಲದೊಳಗಿಟ್ಟುಕೊಂಡರು.

ಹತ್ತು ದಿನ ಡಬ್ಬಿ ಬರಲಿಲ್ಲ. ಇದನ್ನೂ ನಾನು ಗಮನಿಸಿದೆ. ಹನ್ನೊಂದನೆಯ ದಿನ, ಒಂದು ಭಾನುವಾರ, ಶ್ರೀನಗರಕ್ಕೆ ಅಕ್ಕನನ್ನು ನೋಡಲು ಹೋಗಿದ್ದ ಪತಿ ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಇನ್ನೊಬ್ಬರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ತೆರೆದರೆ ಚಿತ್ರಾನ್ನವಿತ್ತು.

"ರಾತ್ರಿ ಅನ್ನದ್ದಂತೆ" ಎಂದರು ಪತಿ. "'ತಂಗಳು ಅಂತ ಹೇಳು ಅವಳಿಗೆ, ಮರೀಬೇಡ' ಅಂತ ಅಕ್ಕ ಎರಡು ಸಲ ಹೇಳಿದ್ಲು. ಆ ಮಂಡಿ ಇಟ್ಕೊಂಡು ಗೇಟಿನ ತನಕ ಬಂದು ಮತ್ತೊಂದು ಸಲ ಹೇಳಿದ್ಲು. ಅದ್ರಲ್ಲಿ ಹೇಳೋಕೇನಿದೆ? ಚಿತ್ರಾನ್ನ ಅಂದ್ರೆ ರಾತ್ರಿ ಅನ್ನಾನೇ ಅಲ್ವಾ?"

ನಲವತ್ತಾರು ವರ್ಷದ ಹಿಂದೆ ಮೂರನೆಯವರಾಗಿ ನಕ್ಕವರಿಗೆ ಈಗ ಎಲ್ಲವನ್ನೂ ವಿವರಿಸುವ ವ್ಯವಧಾನ ನನಗಿರಲಿಲ್ಲ. ಬಿಸಿ ಮಾಡಿಕೊಡಲೇ ಎಂದು ಕೇಳಿದರು. ಬೇಡವೆಂದೆ. ಡಬ್ಬಿಯಿಂದಲೇ, ನಿಂತುಕೊಂಡೇ, ಕೊನೆಯ ಅಗುಳಿನವರೆಗೆ ತಿಂದೆ, ಅರ್ಧಕ್ಕೆ ಬಿಡಲಿಲ್ಲ. ಕಡಲೆಕಾಯಿ ಬೀಜಗಳಲ್ಲಿ ಮೂರು ಕರಕಾಗಿದ್ದವು. ಅದನ್ನು ಅತ್ತಿಗೆಯವರಿಗೆ ನಾನು ಇನ್ನೂ ಹೇಳಿಲ್ಲ.