ದ್ವಾರಪಾಲಕನಿಗೂ ಒಂದು ಹಾಡು

ಮೇಷ್ಟ್ರ ಎಡಗೈ ಸುಮ್ಮನೆ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ, ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ, ಟೀ ಕುಡಿಯುವಾಗ ತಮ್ಮದೇ ಮೊಣಕಾಲಿನ ಮೇಲೆ ಆ ನಾಲ್ಕು ಬೆರಳು ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿದ್ದವು. ಹಾರ್ಮೋನಿಯಂನ ತಿದಿ ಒತ್ತಿ ಒತ್ತಿ ಬಂದ ಅಭ್ಯಾಸ. ಅಂಗೈಯ ಬುಡ ಜಡ್ಡುಗಟ್ಟಿ ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ನುಣ್ಣಗಾಗಿತ್ತು.

ಕೈಯ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದಿದ್ದರಲ್ಲಿ ಎಷ್ಟು ಕಂಡಿದ್ದು, ಎಷ್ಟು ಆಮೇಲೆ ನಾನೇ ಸೇರಿಸಿಕೊಂಡಿದ್ದು ಎಂದು ಖಚಿತವಾಗಿ ಹೇಳಲಾರೆ. ದಿನಾ ಡೈರಿ ಬರೆಯುವವಳು ನಾನು. ಆದರೆ ಎಲ್ಲಕ್ಕಿಂತ ಮುಖ್ಯವಾದ ದಿನದ ಪುಟದಲ್ಲಿ ಇರುವುದು ಒಂದೇ ಸಾಲು.

ಆಂಧ್ರದ ಗಡಿಯ ಹಿಂದೂಪುರದ ಒಂದು ಓಣಿಯಲ್ಲಿ ಅವರು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಊರಿಗೆಲ್ಲ ಅವರು ಡ್ರಾಮಾ ಮೇಷ್ಟ್ರು. ವಾರಕ್ಕೆರಡು ದಿನ ಅಂಗಡಿಗೆ ಬೀಗ ಹಾಕಿ, ಹಾರ್ಮೋನಿಯಂ ಪೆಟ್ಟಿಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದರೆ, ಒಂದು ವರ್ಷ ಪರಿಗಿ, ಇನ್ನೊಂದು ವರ್ಷ ಕೊಡಿಕೊಂಡ, ಮತ್ತೊಂದು ವರ್ಷ ಕಲ್ಯಾಣದುರ್ಗ. ಎಲ್ಲ ಕಡೆಯೂ ಅದೇ ನಾಟಕ. ರಾಜ್ಯ ಕಳೆದುಕೊಂಡ ರಾಜ ಮುದುಕನಾಗಿ ತನ್ನ ಅರಮನೆಯ ಬಾಗಿಲಿಗೇ ಬಂದು ನಿಲ್ಲುವ ಕಥೆ. ಮಾತು ಕಡಿಮೆ, ಹಾಡು ಜಾಸ್ತಿ. ಅವರ ಗುರುಗಳು ಕಲಿಸಿದ್ದಂತೆ. ಅದನ್ನೇ ನಲವತ್ತು ವರ್ಷ ಮಾಡಿಸಿದರು.

ನಾನು ಆಗಷ್ಟೇ ವಿಶ್ವವಿದ್ಯಾಲಯದಲ್ಲಿ ನಾಟಕಶಾಸ್ತ್ರ ಓದಿ ಬಂದು ಹಿಂದೂಪುರದ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದೆ. ಜನಪ್ರಿಯ ಹಾಡಿನ ನಾಟಕಗಳನ್ನು ನಿರ್ದೇಶಕರು ಯಾಕೆ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ ಎಂಬುದರ ಮೇಲೆ ಪ್ರಬಂಧ ಬರೆಯುವ ಆಸೆ. ನೋಟ್‌ಬುಕ್ ಹಿಡಿದು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತೆ.

"ಅದೇ ನಾಟಕ ಯಾಕೆ ಮೇಷ್ಟ್ರೇ?"

"ಜನ ಕೇಳ್ತಾರೆ ಕಣಮ್ಮ, ಮಾಡ್ತೀನಿ."

ಇನ್ನೊಂದು ದಿನ ಕೇಳಿದರೆ, "ನಂಗೆ ಬ್ಯಾರೆ ಬರಲ್ಲ, ಬಿಡು." ಮೂರನೆಯ ಸಲ ಸ್ವಲ್ಪ ರೇಗಿದರು. "ದಿನಾ ಮುದ್ದೆ ಉಣ್ತೀಯಲ್ಲ, ಅದನ್ಯಾಕೆ ಅಂತ ಯಾರಾನಾ ಕೇಳವ್ರಾ? ಆ ಸ್ಕ್ರೂಡ್ರೈವರ್ ಕೊಡು ಇತ್ಲಾಗೆ."

ಮೂರೂ ಉತ್ತರ ಬರೆದುಕೊಂಡೆ. ಮೂರೂ ಪ್ರಬಂಧಕ್ಕೆ ಸಾಲದು ಅನ್ನಿಸಿತು. ಹಾಗಾಗಿ ಅವರ ಜೊತೆ ಊರೂರಿಗೆ ಹೋಗತೊಡಗಿದೆ.

ಪಾತ್ರ ಹಂಚುವ ರೀತಿ ಅವರದೇ. ಡೈಲಾಗ್ ಓದಿಸುತ್ತಿರಲಿಲ್ಲ, ಹಾಡಲು ಹೇಳುತ್ತಿರಲಿಲ್ಲ. "ಬಸ್ಸು ಹೊಂಟೋಯ್ತು ಅಂದ್ಕೋ. ಕೂಗು ನೋಡೋಣ" ಎನ್ನುತ್ತಿದ್ದರು. ಕೂಗಿದವನ ದನಿ ಎಲ್ಲಿ ಸಲೀಸಾಗಿ ನಿಲ್ಲುತ್ತದೋ ಆ ಶ್ರುತಿಯನ್ನು ಪೆಟ್ಟಿಗೆಯಲ್ಲಿ ಹುಡುಕಿ, ಹಾಡನ್ನು ಅಲ್ಲಿಗೆ ಇಳಿಸುತ್ತಿದ್ದರು ಅಥವಾ ಏರಿಸುತ್ತಿದ್ದರು. ಇನ್ನೊಂದು ನಿಯಮವಿತ್ತು. ಅವರ ನಾಟಕದಲ್ಲಿ ಹಾಡಿಲ್ಲದೆ ಯಾರೂ ರಂಗದ ಮೇಲೆ ನಿಲ್ಲುವಂತಿಲ್ಲ. ಪುಸ್ತಕದಲ್ಲಿ ಹಾಡಿಲ್ಲದ ಪಾತ್ರವಾದರೆ ಅವರೇ ಕಟ್ಟಿಕೊಡುವರು. ನನಗೆ ಅದು ಹಳೆಯ ಕಾಲದ ಅತಿರೇಕದಂತೆ ಕಂಡಿತ್ತು. ಹಾಗೆಂದು ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೇನೆ.

ಕಲ್ಯಾಣದುರ್ಗದ ತಾಲೀಮಿಗೆ ಕಂಬದೂರು ಕಡೆಯ ಒಬ್ಬ ಕುರಿ ಕಾಯುವಾತ ಬರುತ್ತಿದ್ದ. ಪಾತ್ರ ಮಾಡುವುದಕ್ಕಲ್ಲ, ಮಂತ್ರಿಯ ಪಾತ್ರ ಸಿಕ್ಕ ಪಕ್ಕದ ಮನೆಯವನಿಗೆ ಜೊತೆಯಾಗಿ. ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ಕೂರುತ್ತಿದ್ದ. ನಲವತ್ತು ದಾಟಿದ ಮನುಷ್ಯ. ಎರಡು ವಾರ ಆತನ ಬಾಯಿಂದ ಒಂದು ಮಾತನ್ನೂ ನಾನು ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿದರು. "ಲೇ, ಬಾಗ್ಲತ್ರ ಕುಂತಿರೋನು! ನೀನೇ ದ್ವಾರಪಾಲಕ ಕಣ್ಲಾ. ಎಂಗೂ ಆ ಜಾಗ ಬಿಟ್ಟು ಬ್ಯಾರೆ ಕಡೆ ಕುಂತ್ಕಳಲ್ಲ ನೀನು."

ಎಲ್ಲರೂ ನಕ್ಕರು. ಆತ ತೆಲುಗಿನಲ್ಲಿ, "ನಾಕು ರಾದು ಸಾಮಿ" ಎಂದ. ನನಗೆ ಬರುವುದಿಲ್ಲ ಎಂದು.

"ಏನ್ ರಾದು? ಕುರಿ ಕರೀತೀಯೋ ಇಲ್ವೋ? ಹಂಗೇ ಕರಿ."

"ಇಷ್ಟು ಜನದ ಮುಂದೆ ಎಂಗೆ ಸಾಮಿ..."

"ಗೋಡೆ ಕಡೆ ತಿರುಗ್ಕೋ. ಗೋಡೆ ನಗಲ್ಲ."

ಆತ ಗೋಡೆಯತ್ತ ತಿರುಗಿ ಕರೆದ. ಅಷ್ಟು ಸಣ್ಣ ಕೋಣೆಯಲ್ಲಿ ಯಾರೋ ಗುಡ್ಡದ ಮೇಲಿಂದ ಕರೆದಂತಿತ್ತು. ಮೇಷ್ಟ್ರ ಬಲಗೈ ಪೆಟ್ಟಿಗೆಯ ಮೇಲೆ ತಡಕಾಡಿ ಒಂದು ಕಡೆ ನಿಂತಿತು. "ಸಿಕ್ತು ಕಣ್ಲಾ" ಎಂದರು, ಬಹಳ ಮೆಲ್ಲಗೆ.

ಮುಂದಿನ ವಾರ ನಾಲ್ಕು ಸಾಲಿನ ಹಾಡು ತಂದರು. ನನಗೆ ನೆನಪಿರುವುದು ಮೊದಲ ಎರಡೇ:

ಬಾಗಿಲ ಕಾಯೋನು ನಾನು, ಒಳಗೇನೈತೋ ಕಾಣೆನು,
ಬಂದೋರ ಹೆಸರ ಕೂಗುವೆನು, ನನ್ನ ಹೆಸರ ಕೇಳೋರಿಲ್ಲ.

ಅದನ್ನು ಹಾಡಲು ಎರಡು ನಿಮಿಷ ಸಾಕು. ಆತ ಅದನ್ನು ಎರಡು ತಿಂಗಳು ಕಲಿತ. ಮಂದೆಯನ್ನು ಹೆಂಡತಿಗೆ ವಹಿಸಿ, ಆಟೋದಲ್ಲೋ ಬಸ್ಸಿನಲ್ಲೋ ಬರುತ್ತಿದ್ದ. ಮೊದಮೊದಲು ಗೋಡೆಗೆ ಹಾಡಿದ. ಆಮೇಲೆ ಮೇಷ್ಟ್ರು ಆತನನ್ನು ವಾರಕ್ಕಿಷ್ಟು ತಿರುಗಿಸುತ್ತ ಬಂದರು. ಒಂದು ವಾರ ಕಿಟಕಿಗೆ, ಒಂದು ವಾರ ಪೆಟ್ಟಿಗೆಗೆ. ಕೊನೆಯ ವಾರ ನಮ್ಮೆಲ್ಲರ ಮುಖ ನೋಡಿ ಹಾಡಿದ.

ಪ್ರದರ್ಶನ ಒಂದು ಭಾನುವಾರ ಹಗಲಿಗೆ, ಕಲ್ಯಾಣದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ ಎಂದು ಗೊತ್ತಾಯಿತು. ಸಂಜೆ ಅಲ್ಲೇ ಯಾರದೋ ರಿಸೆಪ್ಷನ್. ನಾಲ್ಕು ಗಂಟೆಗೆ ಮಂಟಪ ಖಾಲಿಯಾಗಬೇಕು. ಮೇಷ್ಟ್ರು ನನ್ನನ್ನು ಕರೆದು ಹೇಳಿದರು: "ಪೆಟ್ಟಿಗೆ ಮುಂದೆ ಕುಂತ್ರೆ ನಂಗೆ ಟೈಮು ಗೊತ್ತಾಗಲ್ಲ ಕಣಮ್ಮ. ಗಡಿಯಾರ ನೀನು ನೋಡ್ಕೋ. ನೀನು ಕೈ ಬೀಸಿದ್ರೆ ನಾನು ಮುಂದಕ್ಕೆ ಹೋಯ್ತೀನಿ." ಅಷ್ಟು ವರ್ಷಗಳಲ್ಲಿ ಅವರು ಆ ಕೆಲಸವನ್ನು ಯಾರಿಗೂ ಕೊಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಾಟಕ ಹತ್ತಕ್ಕೆ ಶುರುವಾಗಬೇಕಿದ್ದದ್ದು ಹನ್ನೊಂದಕ್ಕೆ ಶುರುವಾಯಿತು. ರಾಜನ ಪಾತ್ರದವರು ಊರಿನ ದೊಡ್ಡ ಜಮೀನುದಾರರು, ಒಳ್ಳೆಯ ಕಂಠ. ಅವರ ಪ್ರತಿ ಹಾಡಿಗೂ "ವನ್ಸ್ ಮೋರ್" ಎಂದು ಕೂಗು, ಪ್ರತಿ ಸಲವೂ ಅವರು ಹಾಡಿದರು. ಎರಡೂವರೆಯಾಯಿತು. ಹಿಂದಿನ ಬಾಗಿಲಿಂದ ಡೆಕೊರೇಷನ್‌ನವರು ಹೂವಿನ ಬುಟ್ಟಿ ತಂದಿಟ್ಟು ನನ್ನ ಮುಖ ನೋಡುತ್ತಿದ್ದರು. ಏನಾದರೂ ಕತ್ತರಿಸಬೇಕಿತ್ತು. ರಾಜರ ವನ್ಸ್ ಮೋರ್ ನಿಲ್ಲಿಸಬಹುದಿತ್ತು. ನನಗೆ ಧೈರ್ಯ ಬರಲಿಲ್ಲ. ಯಾರು ಎದುರು ಮಾತಾಡುವುದಿಲ್ಲವೋ ಅವರ ಕಡೆ ಹೋದೆ.

ಪರದೆಯ ಪಕ್ಕದಲ್ಲಿ ಆತ ಈಟಿ ಹಿಡಿದು ನಿಂತಿದ್ದ. ತುಟಿ ಅಲ್ಲಾಡುತ್ತಿತ್ತು.

"ಟೈಮಿಲ್ಲ. ಹಾಡು ಬೇಡ. ಬಾಗಿಲು ತೆಗೆದು ಬಂದುಬಿಡಿ."

ಆತ ನನ್ನನ್ನು ನೋಡಿ, "ಆಗ್ಲಿ ಮೇಡಮ್" ಎಂದ. ಅಷ್ಟೇ.

ಆತ ರಂಗಕ್ಕೆ ಹೋದ. ಕೆಳಗೆ ಮೇಷ್ಟ್ರು ಆತನ ಶ್ರುತಿ ಕೊಟ್ಟರು. ಆತ ಹಾಡಲಿಲ್ಲ. ಹೆದರಿದ್ದಾನೆಂದು ಮತ್ತೊಮ್ಮೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಕೈ ಬೀಸಿದೆ. ಆದರೂ ಮೂರನೆಯ ಸಲ ತಿದಿ ಎಳೆದು ಆ ಒಂದು ಸ್ವರವನ್ನು ಹಿಡಿದೇ ಕೂತರು. ಎಷ್ಟು ಹೊತ್ತು? ನನಗೆ ಬಹಳ ಹೊತ್ತು ಎಂದು ನೆನಪು. ನಿಜವಾಗಿ ಒಂದು ಉಸಿರಿನಷ್ಟು ಇದ್ದಿರಬಹುದು. ಆತ ಬಾಗಿಲು ತೆಗೆದ, ರಾಜ ಒಳಗೆ ಹೋದ.

ಪರದೆ ಬಿದ್ದಾಗ ಮೂರೂವರೆ. ಉಳಿದ ಅರ್ಧ ಗಂಟೆ ರಾಜರಿಗೆ ಶಾಲು ಹೊದಿಸುವುದರಲ್ಲಿ ಕಳೆಯಿತು.

ಎರಡು ಆಟೋ ತುಂಬ ಕಂಬದೂರಿನಿಂದ ಬಂದಿದ್ದವರು ಮೂರನೆಯ ಸಾಲಿನಿಂದ ಏಳಲೇ ಇಲ್ಲ. ಕೊನೆಗೆ ಆತನ ಹೆಂಡತಿ ನನ್ನ ಹತ್ತಿರ ಬಂದಳು. "ಇವರ ಪಾಟ, ಅದೇ ಹಾಡು, ಇನ್ನಾ ಆಗ್ಲಿಲ್ಲ ಅಲ್ವಾ ಮೇಡಮ್? ಯಾವಾಗ?"

"ಟೈಮಾಗೋಯ್ತಮ್ಮ" ಎಂದೆ. ಹಿಂದೆ ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸುತ್ತಿದ್ದರು.

ಆ ದಿನದ ಡೈರಿಯಲ್ಲಿರುವುದು ಇದು: "ನಾಟಕ ಚೆನ್ನಾಗಿ ಆಯಿತು, ಸಮಯಕ್ಕೆ ಮುಗಿಯಿತು."

ಹಿಂದೂಪುರದ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಕಡೆ ಕೂತಿದ್ದರು. ಪೆಟ್ಟಿಗೆ ತೊಡೆಯ ಮೇಲಿತ್ತು, ಎಡಗೈ ಅದರ ಮೇಲೆ ಅಲ್ಲಾಡದೆ ಮಲಗಿತ್ತು. ಅವರು ಬೈಯಲಿ ಎಂದು ಕಾದೆ. ಮಡಕಶಿರಾ ದಾಟಿದ ಮೇಲೆ ಮಾತಾಡಿದರು.

"ಅದೇ ನಾಟ್ಕ ಯಾಕೆ ಅಂತ ಕೇಳ್ತಿದ್ಯಲ್ಲ. ರಾಜನಿಗೋಸ್ಕರ ಅಲ್ಲ ಕಣಮ್ಮ. ರಾಜ ಎಲ್ಲಿದ್ರೂ ಹಾಡ್ತಾನೆ. ಜನ ಈ ಹಾಡಿಗೆ ಬತ್ತಾರೆ. ಬಂದೋರು ಕುಂತಿರೋವಾಗ, ಯಾರೂ ಕೇಳ್ದೇ ಇರೋನ್ನ ಒಬ್ಬನ್ನ ಮುಂದೆ ನಿಲ್ಲಿಸ್ಬುಡಬೌದು."

ಇಷ್ಟನ್ನೂ ಅವರೇ ಹೇಳಿದರೇ? "ರಾಜ ಎಲ್ಲಿದ್ರೂ ಹಾಡ್ತಾನೆ" ಎಂದಿದ್ದು ನಿಜ, ಅದಕ್ಕೆ ಪ್ರಮಾಣ ಮಾಡಬಲ್ಲೆ. ಉಳಿದಿದ್ದನ್ನು ಆಮೇಲಿನ ವರ್ಷಗಳಲ್ಲಿ ನಾನೇ ಅವರ ಬಾಯಲ್ಲಿ ಇಟ್ಟೆನೋ ಏನೋ. ಪ್ರಬಂಧ ಮಾತ್ರ ಬರೆಯಲಿಲ್ಲ.

ಇಳಿಯುವಾಗ, "ಬರೋ ವರ್ಷ ಕಂಬದೂರಲ್ಲೇ ಮಾಡಾನ. ಅವನ ಹಾಡೇ ಮೊದ್ಲು" ಎಂದರು. ಆಮೇಲೆ ಎರಡು ಸಲ ಅಂಗಡಿಗೆ ಬಾ ಎಂದು ಹೇಳಿ ಕಳಿಸಿದರು, ನಾನು ಹೋಗಲಿಲ್ಲ. ಒಂದು ಸಲ ಪೇಪರ್ ವ್ಯಾಲ್ಯೂಯೇಷನ್ ಇತ್ತು. ಇನ್ನೊಂದು ಸಲ ಏನಿತ್ತೋ ಮರೆತಿದ್ದೇನೆ. ಮುಖ ತೋರಿಸಲು ನಾಚಿಕೆ, ಅದೇ ಇರಬೇಕು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು, ಎಡಭಾಗಕ್ಕೆ. ಆಸ್ಪತ್ರೆಯಲ್ಲಿ ನೋಡಿದಾಗ ಆ ಕೈ ಹಾಸಿಗೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಜಡ್ಡು ಹಾಗೇ ಇತ್ತು. ಕ್ಷಮಿಸಿ ಎನ್ನಲು ಹೋದವಳು ಊಟದ ವಿಚಾರ ಕೇಳಿ ಬಂದೆ. ಹತ್ತು ದಿನಕ್ಕೆ ತೀರಿಕೊಂಡರು.

ತಿಂಗಳಾದ ಮೇಲೆ ಕಂಬದೂರಿಗೆ ಹೋದೆ. ಆತ ಮಂಚ ತಂದು ಹಾಕಿ, ತಾನು ಹೊಸಿಲ ಹತ್ತಿರ ಕೂತ. ಅದೇ ನಾಟಕ ಮಾಡಿಸುತ್ತೇನೆ, ನೀವು ಹಾಡಬೇಕು ಎಂದೆ.

"ಮರ್ತೋಯ್ತು ಮೇಡಮ್."

ಒಳಗಿಂದ ಹೆಂಡತಿ ಅಂದಳು: "ಎಲ್ಲಿ ಮರ್ತೈತೆ? ಕುರಿ ಹಿಂದೆ ಹೋದ್ರೆ ಅದೇ ಹಾಡು. ಮನುಷ್ಯರ ಮುಂದೆ ಹಾಡಲ್ಲ, ಅಷ್ಟೇ."

ಆತ ನೆಲ ನೋಡಿಕೊಂಡು ನಕ್ಕ. ಗೋಡೆಯಿಂದ ಮನುಷ್ಯರ ಕಡೆಗೆ ಆತನನ್ನು ತಿರುಗಿಸಲು ಮೇಷ್ಟ್ರಿಗೆ ಎರಡು ತಿಂಗಳು ಹಿಡಿದಿತ್ತು.

ಈಗ ಆ ನಾಟಕವನ್ನು ನಾನು ಮಾಡಿಸುತ್ತೇನೆ. ಪಾತ್ರ ಕೊಡುವ ಮೊದಲು ಎಲ್ಲರನ್ನೂ ಕೂಗಲು ಹೇಳುತ್ತೇನೆ. ದ್ವಾರಪಾಲಕನಾಗಿ ನಿಲ್ಲುವವರಿಗೆ ಪ್ರತಿ ಸಲ ಹೊಸ ಹಾಡು ಕಟ್ಟುತ್ತೇವೆ, ಆ ಹಳೆಯ ಹಾಡು ಬೇರೆ ಗಂಟಲಿಗೆ ಕೂರುವುದಿಲ್ಲ. ಕೈಗೆ ಗಡಿಯಾರ ಕಟ್ಟುವುದಿಲ್ಲ. ಇಷ್ಟರಿಂದ ಏನೂ ಸರಿಹೋಗಿಲ್ಲವೆಂದು ಗೊತ್ತು. ಪ್ರತಿ ಪ್ರದರ್ಶನಕ್ಕೂ ಮೊದಲು ಕಂಬದೂರಿಗೆ ಫೋನ್ ಮಾಡಿ, ಈ ಸಲ ನೀವು ಬರಲೇಬೇಕು, ಹಾಡಲೇಬೇಕು ಎನ್ನುತ್ತೇನೆ.

"ಆಗ್ಲಿ ಮೇಡಮ್" ಎನ್ನುತ್ತಾನೆ. ಆ ದಿನ ಪರದೆಯ ಪಕ್ಕದಲ್ಲೂ ಅಷ್ಟೇ ಮೆತ್ತಗೆ ಅಂದಿದ್ದ.